ಬೆಕ್ಕು ಯಾರೊಡನೆ, ಹೇಗೆ ಮಾತನಾಡುತ್ತದೆ?

ಸಾಕುಪ್ರಾಣಿ ಪ್ರಶ್ನೋತ್ತರ: ಪಶುವೈದ್ಯರ ಉತ್ತರಗಳು

ಬೆಕ್ಕಿನ ನಡೆನುಡಿಗಳ ಅರ್ಥವನ್ನು ಕುರಿತು ಪ್ರಶ್ನೆ ಕಳುಹಿಸುವಂತೆ ಕೇಳಿಕೊಂಡಾಗ ಬಂದ ಪತ್ರಗಳಲ್ಲಿ ಹೆಚ್ಚಿನವು ಅದರ ಕೂಗಿಗೆ ಸಂಬಂಧಿಸಿದ್ದವು. ಮಾತನ್ನೇ ನೆಚ್ಚಿಕೊಂಡ ನಮಗೆ ಇದು ಸಹಜ. ಆದರೆ ಬೆಕ್ಕು ತಿಳಿಸಬೇಕೆಂದಿರುವುದರಲ್ಲಿ ಕಿವಿಗೆ ಬೀಳುವುದು ಸಣ್ಣ ಪಾಲು. ಉಳಿದದ್ದು ವಾಸನೆಯಲ್ಲಿ, ಕಿವಿಯ ತಿರುವಿನಲ್ಲಿ, ಬಾಲದ ನಿಲುವಿನಲ್ಲಿ ಇರುತ್ತದೆ. ಚಿಕಿತ್ಸಾಲಯಕ್ಕೆ ಬರುವ ‘ನಮ್ಮ ಬೆಕ್ಕು ಇದ್ದಕ್ಕಿದ್ದಂತೆ ಕಚ್ಚಿತು’, ‘ಎಲ್ಲೆಂದರಲ್ಲಿ ಉಚ್ಚೆ ಮಾಡುತ್ತಿದೆ’ ಎಂಬಂಥ ದೂರುಗಳಲ್ಲಿ ಬಹಳಷ್ಟರ ಮೂಲ, ಮನೆಯವರು ಆ ದೊಡ್ಡ ಪಾಲನ್ನು ಗಮನಿಸದೆ ಇದ್ದದ್ದರಲ್ಲಿಯೇ ಇರುತ್ತದೆ. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಮೂರು ಬೆಕ್ಕುಗಳಿವೆ. ಅವು ಒಂದನ್ನೊಂದು ನೋಡಿ ‘ಮಿಯಾಂವ್’ ಎಂದದ್ದನ್ನು ನಾನು ಕೇಳಿಯೇ ಇಲ್ಲ. ಆದರೆ ನಾನು ಅಡುಗೆಮನೆಗೆ ಕಾಲಿಟ್ಟರೆ ಸಾಕು, ಮೂರೂ ಕೂಗಲು ಶುರುಮಾಡುತ್ತವೆ. ಇದೇಕೆ ಹೀಗೆ?
– ಓದುಗರೊಬ್ಬರು, ಸಾಗರ

ಉತ್ತರ: ನಿಮ್ಮ ಗಮನಿಕೆ ಸರಿಯಾಗಿದೆ. ಬೆಳೆದ ಬೆಕ್ಕುಗಳು ತಮ್ಮತಮ್ಮಲ್ಲಿ ಮಿಯಾಂವ್ ಎನ್ನುವುದು ತೀರ ಅಪರೂಪ. ಆ ಕೂಗು ಮೂಲತಃ ಮರಿಯು ತಾಯಿಯನ್ನು ಕರೆಯುವ ಕೂಗು. ಹುಟ್ಟಿದ ಮರಿಗೆ ಕಣ್ಣು ಬಿಟ್ಟಿರುವುದಿಲ್ಲ, ಕಿವಿಯೂ ಕೇಳಿಸದು. ಆದರೂ ಅದು ಕೂಗಬಲ್ಲದು, ಮತ್ತು ಚಳಿಯಾದಾಗ, ಒಂಟಿಯಾದಾಗ, ತಾಯಿಯ ಮೈಯಡಿ ಸಿಕ್ಕಿಕೊಂಡಾಗ ಹೊರಡಿಸುವ ಕೂಗುಗಳು ಒಂದೇ ತೆರನಾಗಿರುವುದಿಲ್ಲ. ತಾಯಿಯಾದರೋ ಮಿಯಾಂವ್ ಎಂದು ಉತ್ತರಿಸದೆ, ಬಾಯಿ ಮುಚ್ಚಿಕೊಂಡೇ ‘ಮ್ರ್ರ್’ ಎಂಬ ಸಣ್ಣ, ಕಂಪಿಸುವ ದನಿಯಿಂದ ಮರಿಗಳನ್ನು ಹತ್ತಿರ ಕರೆದುಕೊಳ್ಳುತ್ತದೆ. ನೀವು ಹೊರಗಿನಿಂದ ಬಂದಾಗ ಬೆಕ್ಕು ಎದ್ದು ಬಂದು ಅದೇ ದನಿಯನ್ನು ಮಾಡುವುದುಂಟು. ಅದು ಸ್ನೇಹದ ಸ್ವಾಗತ.

ಮರಿ ಹಾಲು ಬಿಟ್ಟು ತನ್ನ ದಾರಿ ಹಿಡಿದ ಮೇಲೆ ಮಿಯಾಂವ್ ಎನ್ನುವುದಕ್ಕೆ ಬೆಕ್ಕುಗಳ ನಡುವೆ ಕೆಲಸವಿಲ್ಲ. ಮನುಷ್ಯರ ಮನೆಯಲ್ಲಿ ಮಾತ್ರ ಅದಕ್ಕೆ ಕೆಲಸ ಉಳಿದಿದೆ, ಏಕೆಂದರೆ ಇಲ್ಲಿ ಕೂಗಿದರೆ ಬಾಗಿಲು ತೆರೆಯುತ್ತದೆ, ಬಟ್ಟಲಿಗೆ ಹಾಲು ಬೀಳುತ್ತದೆ. (ಅನೇಕ ದೊಡ್ಡ ಬೆಕ್ಕುಗಳಿಗೆ ಹಾಲು ಸರಿಯಾಗಿ ಜೀರ್ಣವಾಗದೆ ಭೇದಿಯಾಗುತ್ತದೆ ಎಂಬುದನ್ನು ಹಾಲು ಹೊಯ್ಯುವವರು ನೆನಪಿನಲ್ಲಿಟ್ಟುಕೊಳ್ಳಬೇಕು.) ಸಾಕುಬೆಕ್ಕಿನ ಪೂರ್ವಜ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣ ಪ್ರದೇಶಗಳಲ್ಲಿ ಈಗಲೂ ಬದುಕಿರುವ ಆಫ್ರಿಕನ್ ಕಾಡುಬೆಕ್ಕು. ಅದು ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ಬೇಸಾಯ ಆರಂಭವಾಗಿ ಧಾನ್ಯದ ರಾಶಿಗೆ ಇಲಿ ಬಂದವು, ಇಲಿಯ ಹಿಂದೆ ಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಮನುಷ್ಯನ ಸಮಾಧಿಯ ಪಕ್ಕದಲ್ಲಿಯೇ ಬೆಕ್ಕನ್ನು ಹೂಳಿದ್ದದ್ದು ಪತ್ತೆಯಾಗಿದ್ದು, ಆ ವೇಳೆಗಾಗಲೇ ಎರಡು ಜೀವಿಗಳ ನಡುವೆ ಒಂದು ಬಗೆಯ ನಂಟು ಇತ್ತೆಂದು ಅದರಿಂದ ತಿಳಿಯಬಹುದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ನಿಕೊಲಸ್ ನಿಕಾಸ್ಟ್ರೊ ಅವರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾಕುಬೆಕ್ಕಿನ ಕೂಗನ್ನೂ ಆಫ್ರಿಕನ್ ಕಾಡುಬೆಕ್ಕಿನ ಕೂಗನ್ನೂ ಜನರಿಗೆ ಕೇಳಿಸಿದಾಗ, ಕೇಳುಗರಿಗೆ ಸಾಕುಬೆಕ್ಕಿನದೇ ಹೆಚ್ಚು ಹಿತವೆನಿಸಿತು. ನಮ್ಮ ಕಿವಿಗೆ ಒಗ್ಗುವ ಕೂಗಿನ ಬೆಕ್ಕುಗಳಿಗೆ ನಮ್ಮ ಜಗುಲಿಯ ಮೇಲೆ ಜಾಗ ಸಿಕ್ಕಿತು ಎಂಬ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ.

ಹಾಗಾದರೆ ಈ ಕೂಗುಗಳಿಗೆ ಗೊತ್ತಾದ ಅರ್ಥಗಳಿವೆಯೇ? ಮಿಲ್ಡ್ರೆಡ್ ಮೋಲ್ಕ್ ಎಂಬ ಸಂಶೋಧಕಿ 1944ರಲ್ಲಿಯೇ ಬೆಕ್ಕಿನ ದನಿಗಳನ್ನು ಹದಿನಾರು ಬಗೆಯಾಗಿ ಗುರುತಿಸಿ, ಬಾಯಿ ಮುಚ್ಚಿ ಮಾಡುವವು, ಬಾಯಿ ತೆರೆದು ಮೆಲ್ಲಗೆ ಮುಚ್ಚುತ್ತ ಮಾಡುವವು, ಬಾಯಿಯನ್ನು ಬಿಗಿಯಾಗಿ ತೆರೆದೇ ಇಟ್ಟು ಮಾಡುವವು ಎಂದು ಮೂರು ಗುಂಪು ಮಾಡಿದ್ದರು. ಮಿಯಾಂವ್ ಎರಡನೆಯ ಗುಂಪಿನದು. ಜಗಳದ ಬುಸುಗುಟ್ಟುವಿಕೆ, ಬೆದೆಯ ಕಾಲದ ಊಳು, ನೋವಿನ ಕಿರುಚು ಮೂರನೆಯದು. ಈ ಮೂರನೆಯ ಗುಂಪಿನ ಅರ್ಥವನ್ನು ಬೆಕ್ಕು ಸಾಕದವರೂ ತಪ್ಪದೆ ಹೇಳಬಲ್ಲರು. ಮಿಯಾಂವ್ ಹಾಗಲ್ಲ. ಅದರ ಧ್ವನಿಮುದ್ರಣವನ್ನು ಮಾತ್ರ ಕೇಳಿಸಿ, ಇದು ಹಸಿವೋ, ಕೋಪವೋ, ಬಾಗಿಲು ತೆರೆಯೆಂಬ ಬೇಡಿಕೆಯೋ ಎಂದು ಕೇಳಿದರೆ, ಜನರ ಉತ್ತರ ಬರಿಯ ಊಹೆಗಿಂತ ಸ್ವಲ್ಪ ಮಾತ್ರ ಉತ್ತಮವಾಗಿರುತ್ತದೆಂದು ನಿಕಾಸ್ಟ್ರೊ ಮತ್ತು ಅವರ ಸಹೋದ್ಯೋಗಿ 2003ರಲ್ಲಿ ತೋರಿಸಿದರು. ತಮ್ಮದೇ ಬೆಕ್ಕಿನ ಕೂಗನ್ನು ಗುರುತಿಸುವಲ್ಲಿ ಸಾಕಿದವರು ಮೇಲು, ಪರರ ಬೆಕ್ಕಿನ ವಿಷಯದಲ್ಲಿ ಅವರೂ ಸೋಲುತ್ತಾರೆ ಎಂದು ಮತ್ತೊಂದು ಅಧ್ಯಯನ ಕಂಡುಕೊಂಡಿತು. ಎಂದರೆ, ಎಲ್ಲ ಬೆಕ್ಕುಗಳಿಗೂ ಹೊಂದುವ ಮಿಯಾಂವ್‌ನ ಪದಕೋಶವಿಲ್ಲ. ಯಾವ ಕೂಗಿಗೆ ನೀವು ಎದ್ದು ಹೋಗಿ ಏನನ್ನು ಕೊಟ್ಟಿರೋ ಆ ಕೂಗು ಆ ಅರ್ಥದಲ್ಲಿ ನಿಮ್ಮ ಮನೆಯಲ್ಲಿ ನಿಲ್ಲುತ್ತದೆ. ನಿಮ್ಮ ಮೂರು ಬೆಕ್ಕುಗಳ ಅಡುಗೆಮನೆಯ ಕೂಗನ್ನು ಕಲಿಸಿದವರು ನೀವೇ ಇರಬೇಕು. ಬೆಳಗಿನ ಜಾವ ನಾಲ್ಕಕ್ಕೆ ಕೂಗಿ ಎಬ್ಬಿಸುವ ಬೆಕ್ಕಿಗೆ ಎದ್ದು ಊಟ ಹಾಕುವವರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು.

ಪ್ರಶ್ನೆ: ನಮ್ಮ ಹದಿನಾಲ್ಕು ವರ್ಷದ ಬೆಕ್ಕು ಸಾಯುವ ಹಿಂದಿನ ದಿನದವರೆಗೂ ‘ಗುರುಗುರು’ ಎನ್ನುತ್ತಲೇ ಇತ್ತು. ಅದು ನೆಮ್ಮದಿಯಾಗಿದೆ ಎಂದು ನಾವು ತಿಳಿದೆವು. ಗುರುಗುಟ್ಟುವುದು ಸಂತೋಷದ ಗುರುತಲ್ಲವೇ?
– ಓದುಗರೊಬ್ಬರು, ಮೈಸೂರು

ಉತ್ತರ: ಬಹುಪಾಲು ಸಂದರ್ಭಗಳಲ್ಲಿ ಹೌದು, ಎಲ್ಲ ಸಂದರ್ಭಗಳಲ್ಲಿಯೂ ಅಲ್ಲ. ಮೂಳೆ ಮುರಿದು ಬಂದ ಬೆಕ್ಕು ಪರೀಕ್ಷೆಯ ಮೇಜಿನ ಮೇಲೆ ಗುರುಗುಟ್ಟುವುದನ್ನು ಪಶುವೈದ್ಯರೆಲ್ಲರೂ ಕಂಡಿರುತ್ತಾರೆ. ಹೆರಿಗೆಯ ಸಮಯದಲ್ಲಿ, ಕೊನೆಗಾಲದಲ್ಲಿ ಸಹ ಬೆಕ್ಕುಗಳು ಗುರುಗುಟ್ಟುತ್ತವೆ. ಮರಿ ಹುಟ್ಟಿದ ಕೆಲವೇ ದಿನಗಳಲ್ಲಿ ಮೊಲೆ ಚೀಪುತ್ತಲೇ ಈ ಸದ್ದನ್ನು ಆರಂಭಿಸುತ್ತದೆ, ತಾಯಿಯೂ ಅದೇ ಸದ್ದಿನಿಂದ ಪ್ರತಿಕ್ರಿಯಿಸುತ್ತದೆ. ಹತ್ತಿರದಲ್ಲಿರುವವರು ಹತ್ತಿರದಲ್ಲಿಯೇ ಇರಲಿ ಎಂಬುದು ಅದರ ತಿರುಳು ಎಂದುಕೊಂಡರೆ ನೆಮ್ಮದಿಯ ಗುರುಗುಟ್ಟುವಿಕೆಯೂ ನೋವಿನ ಗುರುಗುಟ್ಟುವಿಕೆಯೂ ಒಂದೇ ಸೂತ್ರಕ್ಕೆ ಸೇರುತ್ತವೆ. ಹೀಗಾಗಿ ನೀವು ತಿಳಿದದ್ದರಲ್ಲಿ ಅಸಹಜವಾದುದೇನೂ ಇಲ್ಲ.

ಈ ಸದ್ದು ಹುಟ್ಟುವ ಬಗೆಯೂ ಕುತೂಹಲಕರವಾದುದು. ಇದು ಸೆಕೆಂಡಿಗೆ ಸುಮಾರು 25ರಿಂದ 30 ಕಂಪನಗಳಷ್ಟು ತಗ್ಗಿನ ದನಿ. ಬೆಕ್ಕಿನಷ್ಟು ಸಣ್ಣ ಪ್ರಾಣಿಯ ಗಂಟಲಿನಿಂದ ಇಷ್ಟು ತಗ್ಗಿನ ದನಿ ಸುಲಭವಾಗಿ ಹೊರಡಬಾರದು. ಮಿದುಳಿನಿಂದ ಬರುವ ಸಂಕೇತಗಳಿಗೆ ತಕ್ಕಂತೆ ಧ್ವನಿಪೆಟ್ಟಿಗೆಯ ಸ್ನಾಯುಗಳು ಪ್ರತಿ ಕಂಪನಕ್ಕೂ ಬಿಗಿದು ಸಡಿಲಗೊಳ್ಳುತ್ತವೆ ಎಂದು ದಶಕಗಳಿಂದ ಪಾಠ ಹೇಳುತ್ತಿದ್ದೆವು. ವಿಯೆನ್ನಾ ವಿಶ್ವವಿದ್ಯಾಲಯದ ಕ್ರಿಶ್ಚಿಯನ್ ಹೆರ್ಬ್‌ಸ್ಟ್ ಮತ್ತು ಸಂಗಡಿಗರು 2023ರಲ್ಲಿ, ಗುಣವಾಗದ ಕಾಯಿಲೆಯ ಕಾರಣ ದಯಾಮರಣ ನೀಡಲಾದ ಎಂಟು ಬೆಕ್ಕುಗಳ ಧ್ವನಿಪೆಟ್ಟಿಗೆಗಳನ್ನು ಬೇರ್ಪಡಿಸಿ ಅವುಗಳ ಮೂಲಕ ಬಿಸಿಯಾದ, ತೇವವುಳ್ಳ ಗಾಳಿಯನ್ನು ಹಾಯಿಸಿದಾಗ, ನರಗಳ ಅಥವಾ ಸ್ನಾಯುಗಳ ಸಹಾಯವಿಲ್ಲದೆಯೇ ಗುರುಗುಟ್ಟುವಿಕೆಯ ಕಂಪನಗಳು ಹೊರಟವು. ಧ್ವನಿತಂತುಗಳಲ್ಲಿ ಹುದುಗಿರುವ ಮೆತ್ತೆಯಂಥ ಅಂಗಾಂಶವು ಕಂಪನದ ವೇಗವನ್ನು ತಗ್ಗಿಸುತ್ತದೆಂದು ಅವರು ವಿವರಿಸಿದ್ದಾರೆ. ಜೀವಂತ ಬೆಕ್ಕಿನಲ್ಲಿ ಸ್ನಾಯುಗಳ ಪಾತ್ರವೇ ಇಲ್ಲವೆಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಹಳೆಯ ಪಾಠವನ್ನು ಪೂರ್ತಿಯಾಗಿ ಒಪ್ಪುವುದು ಇನ್ನು ಕಷ್ಟ.

ಇದೇ ಸದ್ದನ್ನು ಬೆಕ್ಕು ಬೇಡಿಕೆಗೂ ಬಳಸುತ್ತದೆ. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಕ್ಯಾರೆನ್ ಮೆಕೋಂಬ್ ಮತ್ತವರ ತಂಡ 2009ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಊಟ ಕೇಳುವಾಗಿನ ಗುರುಗುಟ್ಟುವಿಕೆಯ ಒಳಗೆ ಎತ್ತರದ ಶ್ರುತಿಯ ಸಣ್ಣ ಅಳುವೊಂದು ಅಡಗಿರುತ್ತದೆ, ಮತ್ತು ಅದರ ಕಂಪನಾಂಕ ಮನುಷ್ಯರ ಹಸುಗೂಸಿನ ಅಳುವಿನ ಕಂಪನಾಂಕಕ್ಕೆ ಹತ್ತಿರವಾಗಿದೆ. ಬೆಕ್ಕನ್ನು ಎಂದೂ ಸಾಕದವರಿಗೆ ಕೇಳಿಸಿದಾಗಲೂ ಆ ಸದ್ದು ಹೆಚ್ಚು ಅವಸರದ್ದೆಂದೂ ಕಡಿಮೆ ಹಿತವಾದುದೆಂದೂ ತೋರಿತು.

ನೋವನ್ನು ತಿಳಿಯಲು ಸದ್ದನ್ನು ಬಿಟ್ಟು ಮುಖವನ್ನು ನೋಡಬೇಕು. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರು 2019ರಲ್ಲಿ ಬೆಕ್ಕಿನ ಮುಖಭಾವದಿಂದ ನೋವನ್ನು ಅಳೆಯುವ ಕ್ರಮವೊಂದನ್ನು ಪ್ರಕಟಿಸಿದರು. ಅವರು ನೋಡುವುದು ಐದು ಅಂಶಗಳನ್ನು: ಕಿವಿಗಳು ಪಕ್ಕಕ್ಕೆ ತಿರುಗಿ ಒಂದರಿಂದೊಂದು ದೂರವಾಗಿವೆಯೇ, ಕಣ್ಣು ಕಿರಿದಾಗಿದೆಯೇ, ಮೂತಿ ಬಿಗಿದಿದೆಯೇ, ಮೀಸೆ ನೆಟ್ಟಗೆ ಮುಂದಕ್ಕೆ ಚಾಚಿದೆಯೇ, ತಲೆ ಭುಜದ ಮಟ್ಟಕ್ಕಿಂತ ಕೆಳಗಿಳಿದಿದೆಯೇ ಎಂಬುದು. ಇದರೊಡನೆ ಬೆಕ್ಕು ಮೈ ನೆಕ್ಕಿಕೊಳ್ಳುವುದನ್ನು ಬಿಟ್ಟು ಮುದುಡಿ ಕೂತರೆ, ಮೂಲೆ ಹುಡುಕಿದರೆ, ಅದು ಎಷ್ಟೇ ಗುರುಗುಟ್ಟುತ್ತಿದ್ದರೂ ವೈದ್ಯರ ಬಳಿಗೆ ಒಯ್ಯುವುದು ಸರಿ. ಒಂದೆರಡು ದಿನ ಏನನ್ನೂ ತಿನ್ನದ ಬೆಕ್ಕಿಗೆ, ಅದರಲ್ಲಿಯೂ ದಪ್ಪ ಬೆಕ್ಕಿಗೆ, ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುವ ಅಪಾಯಕಾರಿ ಕಾಯಿಲೆ ಬರಬಹುದು. ನಾಯಿಯ ಉಪವಾಸವನ್ನು ಕಾದು ನೋಡಿದಂತೆ ಬೆಕ್ಕಿನ ಉಪವಾಸವನ್ನು ಕಾದು ನೋಡಬಾರದು.

ಪ್ರಶ್ನೆ: ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ವರ್ಷದಿಂದ ಒಂದು ಗಂಡುಬೆಕ್ಕು ಇದೆ. ಎರಡು ತಿಂಗಳ ಹಿಂದೆ ಮತ್ತೊಂದನ್ನು ತಂದೆವು. ಅವು ಜಗಳವಾಡುವುದಿಲ್ಲ, ದೂರ ಕೂತು ಒಂದನ್ನೊಂದು ನೋಡುತ್ತಿರುತ್ತವೆ, ಅಷ್ಟೇ. ಆದರೆ ಹಳೆಯ ಬೆಕ್ಕು ಪರದೆಗೂ ಮುಂಬಾಗಿಲಿಗೂ ಉಚ್ಚೆ ಹಾರಿಸಲು ಆರಂಭಿಸಿದೆ. ದಿನವೂ ಫಿನಾಯಿಲ್ ಹಾಕಿ ಒರೆಸಿದರೂ ಮತ್ತೆ ಅದೇ ಜಾಗ. ಹೊಟ್ಟೆಕಿಚ್ಚೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಅವು ಜಗಳವಾಡುತ್ತಿಲ್ಲವೆಂದು ನೀವು ಬರೆದಿದ್ದೀರಿ. ನನ್ನ ಪ್ರಕಾರ ಎರಡು ತಿಂಗಳಿನಿಂದ ನಿಮ್ಮ ಮನೆಯಲ್ಲಿ ನಡೆಯುತ್ತಿರುವುದು ಜಗಳವೇ. ಬೆಕ್ಕುಗಳ ಕಲಹದಲ್ಲಿ ಪಂಜ ಬೀಸುವುದು ಕೊನೆಯ ಹಂತ. ಒಂಟಿಯಾಗಿ ಬೇಟೆಯಾಡಿ ಬದುಕುವ ಪ್ರಾಣಿಗೆ ಗಾಯವೆಂದರೆ ಉಪವಾಸ. ಆದ್ದರಿಂದ ಕೈಮಿಲಾಯಿಸುವ ಮೊದಲು ದಿಟ್ಟಿಸಿ ನೋಡುವುದು, ಓಣಿಯ ನಡುವೆ ಅಡ್ಡ ಕೂರುವುದು, ಊಟದ ಬಟ್ಟಲಿಗೆ ಅಥವಾ ಮಲಮೂತ್ರದ ಮಣ್ಣಿನ ತಟ್ಟೆಗೆ ಹೋಗುವ ದಾರಿಯನ್ನು ಕಾಯುವುದು ಇವುಗಳಿಂದಲೇ ಕೆಲಸ ಸಾಧಿಸಲು ನೋಡುತ್ತದೆ. ಕಣ್ಣು ಮಿಟುಕಿಸದ ನೋಟ ಬೆಕ್ಕುಗಳ ನಡುವೆ ಬೆದರಿಕೆ. ಸ್ನೇಹವಿರುವ ಎರಡು ಬೆಕ್ಕುಗಳು ಮೂಗಿಗೆ ಮೂಗು ತಾಗಿಸುತ್ತವೆ, ಕೆನ್ನೆ ಮತ್ತು ಪಕ್ಕೆಗಳನ್ನು ಉಜ್ಜಿಕೊಳ್ಳುತ್ತವೆ, ಒಂದರ ತಲೆಯನ್ನು ಮತ್ತೊಂದು ನೆಕ್ಕುತ್ತದೆ, ಒತ್ತಿಕೊಂಡು ಮಲಗುತ್ತವೆ. ಇವುಗಳಲ್ಲಿ ಒಂದನ್ನೂ ನೀವು ಬರೆದಿಲ್ಲ.

ಉಚ್ಚೆ ಹಾರಿಸುವುದನ್ನು ಹೊಟ್ಟೆಕಿಚ್ಚು ಎಂದಾಗಲಿ ಸೇಡು ಎಂದಾಗಲಿ ಕರೆದರೆ ಪರಿಹಾರ ಸಿಗದು. ತಾನಿಲ್ಲದಾಗಲೂ ತನ್ನ ಮಾತು ಉಳಿಯಬೇಕಾದ ಪ್ರಾಣಿಗೆ ವಾಸನೆಗಿಂತ ಒಳ್ಳೆಯ ಮಾಧ್ಯಮವಿಲ್ಲ. ಪಂಚಾಯಿತಿ ಕಚೇರಿಯ ಸೂಚನಾ ಫಲಕದಂತೆ ಅದು ಬರೆದವನು ಹೋದ ಮೇಲೂ ಓದುವವನಿಗಾಗಿ ಕಾದಿರುತ್ತದೆ, ಬರೆದು ಎಷ್ಟು ಹೊತ್ತಾಯಿತೆಂಬುದನ್ನೂ ತಿಳಿಸುತ್ತದೆ. ಬೆಕ್ಕಿನ ಕೆನ್ನೆ, ಗಲ್ಲ, ಹಣೆ, ಬಾಲದ ಬುಡ, ಪಾದದ ಮೆತ್ತೆಗಳ ನಡುವಿನ ಭಾಗ ಇಲ್ಲೆಲ್ಲ ವಾಸನೆ ಸ್ರವಿಸುವ ಗ್ರಂಥಿಗಳಿವೆ. ಬಾಗಿಲ ಅಂಚಿಗೆ, ಕುರ್ಚಿಯ ಕಾಲಿಗೆ, ನಿಮ್ಮ ಮೊಣಕಾಲಿಗೆ ಅದು ಕೆನ್ನೆ ಉಜ್ಜುವುದು ಮುದ್ದಿಗಾಗಿ ಮಾತ್ರವಲ್ಲ. ಇವೆಲ್ಲ ತನಗೆ ಪರಿಚಿತ, ಇಲ್ಲಿ ಭಯವಿಲ್ಲ ಎಂಬ ಗುರುತನ್ನು ಬಿಡುವುದಕ್ಕಾಗಿ. ಸೋಫಾವನ್ನು ಪರಚುವುದರಲ್ಲಿ ಉಗುರಿನ ಹಳೆಯ ಪದರ ಕಳಚುವುದರ ಜೊತೆಗೆ, ಕಣ್ಣಿಗೆ ಕಾಣುವ ಗೀರು ಮತ್ತು ಪಾದದ ವಾಸನೆ ಎಂಬ ಎರಡು ಗುರುತುಗಳೂ ಸೇರಿವೆ. ಉಚ್ಚೆಯ ಗುರುತು ಇವೆಲ್ಲಕ್ಕಿಂತ ಖಾರ. ಮತ್ತೊಂದು ಬೆಕ್ಕು ಅದನ್ನು ಮೂಸಿ, ಬಾಯಿ ಅರೆ ತೆರೆದು, ಏನೋ ಯೋಚಿಸುವಂತೆ ನಿಂತಿರುವುದನ್ನು ನೀವು ಕಂಡಿರಬಹುದು. ಮೇಲಿನ ಬಾಚಿಹಲ್ಲುಗಳ ಹಿಂದಿರುವ ಸಣ್ಣ ರಂಧ್ರಗಳ ಮೂಲಕ ವಾಸನೆಯನ್ನು ಅಂಗುಳಿನ ಮೇಲಿರುವ ವಿಶೇಷ ಅಂಗವೊಂದಕ್ಕೆ ಅದು ಆಗ ಕಳುಹಿಸುತ್ತಿರುತ್ತದೆ.

ನಿಮ್ಮ ಹಳೆಯ ಬೆಕ್ಕಿಗೆ ಮನೆ ಮೊದಲಿನಷ್ಟು ತನ್ನದೆನಿಸುತ್ತಿಲ್ಲ. ಅದಕ್ಕಾಗಿ ಗುರುತನ್ನು ಗಾಢವಾಗಿ ಬರೆಯುತ್ತಿದೆ, ನೀವು ಅದನ್ನು ಅಳಿಸುತ್ತಿದ್ದೀರಿ, ಅದು ಮತ್ತೆ ಬರೆಯುತ್ತಿದೆ. ಮೊದಲಿಗೆ ಫಿನಾಯಿಲ್ ನಿಲ್ಲಿಸಿ. ಅದರಲ್ಲಿರುವಂಥ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ಪಾದಕ್ಕೆ ಅಂಟಿದ್ದನ್ನು ನೆಕ್ಕಿದರೆ ವಿಷವಾಗುತ್ತದೆ. ಅಮೋನಿಯಾ ಬೆರೆತ ದ್ರಾವಣಗಳಂತೂ ಉಚ್ಚೆಯ ವಾಸನೆಯನ್ನೇ ಹೋಲುತ್ತವೆ. ಕಿಣ್ವಗಳಿರುವ ಬಟ್ಟೆ ಒಗೆಯುವ ಪುಡಿಯನ್ನು ನೀರಿನಲ್ಲಿ ಕದಡಿ ತೊಳೆದು, ಶುದ್ಧ ನೀರಿನಿಂದ ಒರೆಸಿ ಒಣಗಿಸಿದರೆ ಸಾಕು. ಎರಡೂ ಬೆಕ್ಕುಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿಲ್ಲವಾದರೆ ಮಾಡಿಸಿ. ಗಂಡುಬೆಕ್ಕುಗಳ ಉಚ್ಚೆ ಹಾರಿಸುವ ಚಾಳಿ ಇದರಿಂದ ಬಹಳಷ್ಟು ತಗ್ಗುತ್ತದೆ. ಊಟದ ಬಟ್ಟಲು, ನೀರು, ಮಲಗುವ ಎತ್ತರದ ಜಾಗಗಳನ್ನು ಒಂದಕ್ಕೊಂದು ಕಾಣದಂತೆ ಬೇರೆ ಬೇರೆ ಕಡೆ ಇಡಿ. ಎರಡು ಬೆಕ್ಕಿಗೆ ಮೂರು ಮಣ್ಣಿನ ತಟ್ಟೆ ಬೇಕು. ಕೆಲವು ದಿನ ಅವುಗಳನ್ನು ಬೇರೆ ಕೋಣೆಗಳಲ್ಲಿಟ್ಟು, ಒಂದರ ಕೆನ್ನೆಗೆ ಉಜ್ಜಿದ ಬಟ್ಟೆಯನ್ನು ಮತ್ತೊಂದರ ಊಟದ ಬಳಿ ಇಡುತ್ತ ವಾಸನೆಯ ಪರಿಚಯ ಮಾಡಿಸಿ, ಅನಂತರ ಮುಖಾಮುಖಿ ಮಾಡಿಸಿದರೆ ಹೆಚ್ಚಿನವು ಹೊಂದಿಕೊಳ್ಳುತ್ತವೆ. ಬೈಯುವುದರಿಂದ, ಮೂತಿಯನ್ನು ಉಚ್ಚೆಗೆ ಒತ್ತುವುದರಿಂದ ಭಯ ಹೆಚ್ಚಿ ಗುರುತೂ ಹೆಚ್ಚುತ್ತದೆ.

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಗೋಡೆಗೆ ಬೆನ್ನು ಮಾಡಿ, ಬಾಲ ನಡುಗಿಸುತ್ತ ನಿಂತು ಹಾರಿಸುವುದು ಬೇರೆ, ತಟ್ಟೆಯಲ್ಲಿ ಮತ್ತೆ ಮತ್ತೆ ಕೂತು ತಿಣುಕಿದರೂ ಹನಿ ಬಾರದಿರುವುದು ಬೇರೆ. ಎರಡನೆಯದು ಗಂಡುಬೆಕ್ಕುಗಳಲ್ಲಿ ಮೂತ್ರನಾಳ ಕಟ್ಟಿಕೊಂಡದ್ದರ ಲಕ್ಷಣವಾಗಿರಬಹುದು, ಅದಕ್ಕೆ ಅದೇ ದಿನ ಚಿಕಿತ್ಸೆಯಾಗದಿದ್ದರೆ ಪ್ರಾಣಕ್ಕೆ ಅಪಾಯ.

ಪ್ರಶ್ನೆ: ಮಡಿಲಿಗೆ ತಾನಾಗಿ ಬಂದು ಕೂರುವ ಬೆಕ್ಕು, ಸವರುತ್ತಿರುವಾಗಲೇ ತಿರುಗಿ ಕಚ್ಚುತ್ತದೆ. ಬಾಲವನ್ನೂ ಆಡಿಸುತ್ತಿರುತ್ತದೆ, ಆದ್ದರಿಂದ ಖುಷಿಯಾಗಿದೆ ಎಂದೇ ತಿಳಿಯುತ್ತೇವೆ.
– ಓದುಗರೊಬ್ಬರು, ಧಾರವಾಡ

ಉತ್ತರ: ನೀವು ಹಿಂದೆ ನಾಯಿ ಸಾಕಿದವರಿರಬೇಕು. ಬೆಕ್ಕು ಬಾಲವನ್ನು ಅತ್ತಿತ್ತ ಬಡಿಯುವುದು ಅಸಹನೆಯ ಗುರುತು. ಕಚ್ಚುವುದಕ್ಕೆ ಮುನ್ನ ಅದು ಸಾಕಷ್ಟು ಹೇಳಿರುತ್ತದೆ: ಗುರುಗುಟ್ಟುವುದು ನಿಲ್ಲುತ್ತದೆ, ಬೆನ್ನಿನ ಚರ್ಮ ಅಲೆಯಂತೆ ಕಂಪಿಸುತ್ತದೆ, ಕಿವಿಗಳು ಪಕ್ಕಕ್ಕೋ ಹಿಂದಕ್ಕೋ ತಿರುಗುತ್ತವೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ತಲೆ ನಿಮ್ಮ ಕೈಯ ಕಡೆಗೆ ಹೊರಳುತ್ತದೆ. ಇಷ್ಟನ್ನೂ ದಾಟಿ ಕೈ ಸವರುತ್ತಲೇ ಇದ್ದರೆ ಉಳಿಯುವುದು ಹಲ್ಲು. ಬೆಕ್ಕಿನ ಪ್ರತಿ ಕಿವಿಯನ್ನೂ ತಿರುಗಿಸಲು ಇಪ್ಪತ್ತಕ್ಕೂ ಹೆಚ್ಚು ಸ್ನಾಯುಗಳಿರುವುದರಿಂದ, ನೋಡುವ ಅಭ್ಯಾಸವಾದರೆ ಅದರ ಮನಸ್ಸನ್ನು ಓದಲು ಕಿವಿಯಷ್ಟು ಸುಲಭವಾದುದು ಬೇರೆ ಇಲ್ಲ. ಕೆನ್ನೆ, ಗಲ್ಲ, ಕಿವಿಯ ಬುಡ ಇಲ್ಲಿ ಸವರಿಸಿಕೊಳ್ಳುವುದನ್ನು ಬಹುತೇಕ ಬೆಕ್ಕುಗಳು ಮೆಚ್ಚುತ್ತವೆ; ಹೊಟ್ಟೆ ಮತ್ತು ಬಾಲದ ಬುಡ ಹಾಗಲ್ಲ. ಅಂಗಾತ ಬಿದ್ದು ಹೊಟ್ಟೆ ತೋರಿಸುವುದು ನಂಬಿಕೆಯ ಗುರುತು ಹೌದು, ಮುಟ್ಟಲು ಕೊಟ್ಟ ಅನುಮತಿಯಲ್ಲ. ಸ್ವಲ್ಪ ಸವರಿ ಕೈ ತೆಗೆಯಿರಿ. ಬೇಕೆನಿಸಿದರೆ ಅದೇ ತಲೆಯನ್ನು ನಿಮ್ಮ ಕೈಗೆ ಒತ್ತುತ್ತದೆ.

ಬಾಲದ ಸಂತೋಷದ ನಿಲುವು ಬೇರೆಯದೇ ಇದೆ. ಬಾಲವನ್ನು ನೆಟ್ಟಗೆ ಮೇಲೆತ್ತಿ, ತುದಿಯನ್ನು ತುಸು ಬಾಗಿಸಿ ನಿಮ್ಮ ಕಡೆಗೆ ನಡೆದು ಬರುವ ಬೆಕ್ಕು ಸ್ನೇಹದಿಂದ ಬರುತ್ತಿದೆ. ಮರಿಗಳು ತಾಯಿಯ ಬಳಿಗೆ ಹೀಗೆಯೇ ಬರುತ್ತವೆ. ರೋಮ್ ನಗರದ ಬೀದಿಬೆಕ್ಕುಗಳ ಗುಂಪೊಂದನ್ನು ಗಮನಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಗುಂಪಿನಲ್ಲಿ ಕೆಳಗಿನ ಸ್ಥಾನದ ಬೆಕ್ಕುಗಳು ಮೇಲಿನವುಗಳ ಬಳಿಗೆ ಹೋಗುವಾಗ ಬಾಲ ಎತ್ತುವುದು ಹೆಚ್ಚೆಂದು ಕಂಡುಬಂತು. ತನಗೆ ಜಗಳ ಬೇಡವೆಂಬುದನ್ನು ದೂರದಿಂದಲೇ ತಿಳಿಸುವ ಕ್ರಮವದು. ಬೆನ್ನು ಬಿಲ್ಲಾಗಿ, ಬಾಲದ ಕೂದಲು ಬಾಟಲಿ ತೊಳೆಯುವ ಬ್ರಷ್ಷಿನಂತೆ ನಿಮಿರಿದರೆ ಅದು ಹೆದರಿದೆ ಎಂಬುದು ಎಲ್ಲರಿಗೂ ತಿಳಿದದ್ದೇ.

ಮುಖದ ವಿಷಯ ಕೇಳಿದರೆ, ಬೆಕ್ಕಿನದು ಭಾವವಿಲ್ಲದ ಮುಖವೆಂಬ ಅಭಿಪ್ರಾಯವೂ ನಿಲ್ಲುವುದಿಲ್ಲ. ಅಮೆರಿಕದ ಲಾಸ್ ಏಂಜಲೀಸ್‌ನ ಬೆಕ್ಕಿನ ಕೆಫೆಯೊಂದರಲ್ಲಿ 53 ಬೆಕ್ಕುಗಳನ್ನು ಚಿತ್ರೀಕರಿಸಿದ ಸಂಶೋಧಕರು 2023ರಲ್ಲಿ ಅವು ಪರಸ್ಪರ ಬಳಸುವ 276 ಮುಖಭಾವಗಳನ್ನು ಪಟ್ಟಿಮಾಡಿದರು. ಅವುಗಳಲ್ಲಿ ಸುಮಾರು ಶೇ. 45 ಸ್ನೇಹದವು, ಶೇ. 37 ಹಗೆಯವು, ಉಳಿದವು ಎರಡಕ್ಕೂ ಸಲ್ಲುವವು. ಕಿವಿ ಮತ್ತು ಮೀಸೆ ಎದುರಿನ ಬೆಕ್ಕಿನ ಕಡೆಗೆ ತಿರುಗಿದ್ದರೆ ಸ್ನೇಹ, ಅದರಿಂದ ದೂರ ಸರಿದಿದ್ದರೆ ಹಗೆ ಎಂಬುದು ಸ್ಥೂಲವಾದ ನಿಯಮ.

ಪ್ರಶ್ನೆ: ನಮ್ಮ ಬೆಕ್ಕು ಸತ್ತ ಇಲಿ, ಹಲ್ಲಿಗಳನ್ನು ತಂದು ಹಾಸಿಗೆಯ ಬಳಿ ಇಡುತ್ತದೆ. ನಮಗೆ ಕೊಡುವ ಉಡುಗೊರೆಯೇ?
– ಓದುಗರೊಬ್ಬರು, ಪುತ್ತೂರು

ಉತ್ತರ: ಹಾಗೆಂದು ನಂಬುವುದು ಹಿತವಾಗಿದೆ, ಆದರೆ ನಾನು ನಂಬುವುದಿಲ್ಲ. ತಾಯಿಬೆಕ್ಕು ಮರಿಗಳಿಗೆ ಮೊದಲು ಸತ್ತ ಬೇಟೆಯನ್ನು, ಅನಂತರ ಜೀವವಿರುವುದನ್ನು ತಂದು ಬೇಟೆ ಕಲಿಸುವುದುಂಟು. ಉಳಿದಂತೆ, ಹಿಡಿದದ್ದನ್ನು ನೆಮ್ಮದಿಯ ಜಾಗಕ್ಕೆ ಒಯ್ಯುವುದು ಬೇಟೆಗಾರನ ಸ್ವಭಾವ. ಹೊಟ್ಟೆ ತುಂಬಿದ ಬೆಕ್ಕಿಗೆ ಅಲ್ಲಿಗೆ ಬಂದ ಮೇಲೆ ತಿನ್ನುವ ಆಸಕ್ತಿ ಇರುವುದಿಲ್ಲ. ನಿಮ್ಮ ಹಾಸಿಗೆಯ ಬದಿ ಅದಕ್ಕೆ ನೆಮ್ಮದಿಯ ಜಾಗ ಎಂಬಷ್ಟನ್ನು ನೀವು ಮೆಚ್ಚುಗೆಯೆಂದು ತೆಗೆದುಕೊಳ್ಳಬಹುದು.

ಪ್ರಶ್ನೆ: ಮನೆಯಲ್ಲಿ ಬೆಕ್ಕಿನೊಡನೆ ನಾವು ಕನ್ನಡದಲ್ಲಿ ಮಾತನಾಡುತ್ತೇವೆ, ಮಗಳು ಇಂಗ್ಲಿಷಿನಲ್ಲಿ. ಅದಕ್ಕೆ ಏನಾದರೂ ಅರ್ಥವಾಗುತ್ತದೆಯೇ? ಹೆಸರು ಕರೆದರೆ ಬರುವುದೂ ಇಲ್ಲ.
– ಓದುಗರೊಬ್ಬರು, ಸಿಂಗಪುರ

ಉತ್ತರ: ಬಾರದಿರುವುದೂ ತಿಳಿಯದಿರುವುದೂ ಒಂದೇ ಅಲ್ಲ. ಜಪಾನಿನ ಅತ್ಸುಕೊ ಸೈತೊ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೆಕ್ಕಿಗೆ ಅದರ ಹೆಸರಿನಷ್ಟೇ ಉದ್ದದ, ಅದೇ ಏರಿಳಿತದ ನಾಲ್ಕು ಪದಗಳನ್ನು ಒಂದಾದ ಮೇಲೊಂದು ಕೇಳಿಸಿ, ಅದು ಆಸಕ್ತಿ ಕಳೆದುಕೊಂಡ ಮೇಲೆ ಅದರ ಹೆಸರನ್ನು ಕೇಳಿಸಿದರು. ಆಗ ಹಲವು ಬೆಕ್ಕುಗಳ ಕಿವಿ ತಿರುಗಿದವು, ತಲೆ ಹೊರಳಿತು. ಅಪರಿಚಿತರ ದನಿಯಲ್ಲಿ ಹೇಳಿಸಿದಾಗಲೂ ಹೆಸರನ್ನು ಬೇರೆ ಪದಗಳಿಂದ ಬೇರ್ಪಡಿಸಿ ಗುರುತಿಸಿದವು. ಇದೇ ಸಂಶೋಧಕಿ ಮತ್ತು ಅವರ ಸಹೋದ್ಯೋಗಿ 2013ರಲ್ಲಿ, ಸಾಕಿದವರ ದನಿಯನ್ನು ಬೆಕ್ಕು ಅಪರಿಚಿತರ ದನಿಯಿಂದ ಬೇರೆಯಾಗಿ ಗುರುತಿಸುತ್ತದೆಂದೂ, ಆದರೆ ಎದ್ದು ಬರುವುದು ಅಪರೂಪವೆಂದೂ ತೋರಿಸಿದ್ದರು. ಆದ್ದರಿಂದ ಮುಂದಿನ ಸಲ ಹೆಸರು ಕರೆದಾಗ ಬೆಕ್ಕಿನ ಕಾಲನ್ನು ನೋಡದೆ ಕಿವಿಯನ್ನು ನೋಡಿ.

ಕನ್ನಡವೋ ಇಂಗ್ಲಿಷೋ ಎಂಬುದಕ್ಕಿಂತ ಯಾರು, ಯಾವ ಧಾಟಿಯಲ್ಲಿ ಹೇಳಿದರು ಎಂಬುದು ಮುಖ್ಯ. ಎಳೆ ಮಕ್ಕಳೊಡನೆ ಮಾತನಾಡುವಂತೆ ದನಿ ಏರಿಸಿ ಎಳೆದು ಮಾತನಾಡಿದಾಗ, ಆ ದನಿ ಸಾಕಿದವರದಾದರೆ ಬೆಕ್ಕು ಗಮನ ಕೊಡುತ್ತದೆ, ಅಪರಿಚಿತರದಾದರೆ ಕೊಡುವುದಿಲ್ಲ ಎಂದು ಪ್ಯಾರಿಸ್ಸಿನ ಸಂಶೋಧಕರು 2022ರಲ್ಲಿ ಕಂಡುಕೊಂಡರು. ಅವರು ಪರೀಕ್ಷಿಸಿದ್ದು ಕೇವಲ 16 ಬೆಕ್ಕುಗಳನ್ನು ಎಂಬುದನ್ನೂ ಹೇಳಬೇಕು. ನಿಮ್ಮ ಮನೆಯಲ್ಲಿ ‘ಬಾ ಪುಟ್ಟ’ ಎಂಬುದಕ್ಕೆ ಊಟದ ನಂಟಿದ್ದರೆ ಬೆಕ್ಕಿನ ಮಟ್ಟಿಗೆ ಅದು ಕನ್ನಡ ಕಲಿತಂತೆಯೇ.

ಪ್ರಶ್ನೆ: ನಮ್ಮ ಬೆಕ್ಕು ನನ್ನನ್ನು ನೋಡುತ್ತ ನಿಧಾನವಾಗಿ ಕಣ್ಣು ಮುಚ್ಚಿ ತೆರೆಯುತ್ತದೆ. ಅದಕ್ಕೆ ನಿದ್ದೆ ಬಂದಿರುತ್ತದೆಯೇ?
– ಏಳನೆಯ ತರಗತಿಯ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ನಿದ್ದೆ ಬಂದಿರಲೂಬಹುದು ಪುಟ್ಟಿ, ಆದರೆ ಎಚ್ಚರವಾಗಿಯೇ ಇದ್ದು ಹಾಗೆ ಮಾಡಿದರೆ ಅದು ನಿನ್ನನ್ನು ನಂಬಿದೆ ಎಂದರ್ಥ. ಬೆಕ್ಕುಗಳಿಗೆ ಎವೆ ಮಿಟುಕಿಸದ ನೋಟ ಬೆದರಿಕೆಯಾದ್ದರಿಂದ, ಕಣ್ಣನ್ನು ನಿಧಾನವಾಗಿ ಮುಚ್ಚುವುದು ಅದಕ್ಕೆ ವಿರುದ್ಧವಾದ ಸಂದೇಶ. ಬ್ರಿಟನ್ನಿನ ಸಂಶೋಧಕರು 2020ರಲ್ಲಿ ಇದನ್ನು ಪರೀಕ್ಷಿಸಿದಾಗ, ಮನುಷ್ಯರು ಹಾಗೆ ಕಣ್ಣು ಮುಚ್ಚಿ ತೆರೆದರೆ ಬೆಕ್ಕುಗಳೂ ಕಣ್ಣನ್ನು ಕಿರಿದು ಮಾಡುವುದು ಹೆಚ್ಚಿತು; ಅಪರಿಚಿತರು ಮೊದಲು ಹೀಗೆ ಮಾಡಿ ಅನಂತರ ಕೈ ಚಾಚಿದಾಗ ಬೆಕ್ಕು ಅವರ ಬಳಿಗೆ ಬರುವ ಸಾಧ್ಯತೆಯೂ ಹೆಚ್ಚಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಗಾದೆ ನಿನಗೆ ಗೊತ್ತಿರಬೇಕು. ಆ ಬೆಕ್ಕು ಕಳ್ಳತನ ಮಾಡುತ್ತಿರಲಿಲ್ಲ, ಹಾಲು ಇಟ್ಟವರ ಮೇಲೆ ನಂಬಿಕೆ ಇಟ್ಟಿತ್ತು ಎಂದು ನಾನು ಅದರ ಪರವಾಗಿ ವಾದಿಸಬಲ್ಲೆ. ನೀನೂ ಮಾಡಿ ನೋಡು, ಆದರೆ ಬೀದಿಯ ಬೆಕ್ಕಿನ ಹತ್ತಿರ ಮುಖ ಒಯ್ಯಬೇಡ. ಯಾವುದೇ ಬೆಕ್ಕು, ಮನೆಯದೇ ಆಗಿರಲಿ, ಕಚ್ಚಿದರೆ ಅಥವಾ ಪರಚಿ ರಕ್ತ ಬಂದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಮನೆಯವರಿಗೆ ತಿಳಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು. ರೇಬಿಸ್ ನಾಯಿಯಿಂದ ಮಾತ್ರ ಬರುವ ರೋಗವಲ್ಲ.

ಪ್ರಶ್ನೆ: ಹದಿಮೂರು ವರ್ಷದ ಹೆಣ್ಣುಬೆಕ್ಕು ಕೆಲವು ವಾರಗಳಿಂದ ನಡುರಾತ್ರಿ ಎದ್ದು ಗಟ್ಟಿಯಾಗಿ ಅಳುತ್ತದೆ. ಅಕ್ಕಪಕ್ಕದವರು ಅಪಶಕುನ, ಬಿಟ್ಟುಬನ್ನಿ ಎನ್ನುತ್ತಿದ್ದಾರೆ.
– ಓದುಗರೊಬ್ಬರು, ಹಾಸನ

ಉತ್ತರ: ದಯವಿಟ್ಟು ಬಿಡಬೇಡಿ. ಆ ವಯಸ್ಸಿನ ಬೆಕ್ಕನ್ನು ಬೀದಿಗೆ ಬಿಟ್ಟರೆ ಅದು ಬದುಕುವುದಿಲ್ಲ. ಪ್ರಾಯದ ಹೆಣ್ಣುಬೆಕ್ಕಾಗಿದ್ದರೆ ಬೆದೆಗೆ ಬಂದಿದೆ ಎನ್ನುತ್ತಿದ್ದೆ; ಶಸ್ತ್ರಚಿಕಿತ್ಸೆಯಾಗದಿದ್ದರೆ ಆ ಸಾಧ್ಯತೆ ಈಗಲೂ ಸ್ವಲ್ಪ ಇದೆ. ಆದರೆ ಇಳಿವಯಸ್ಸಿನಲ್ಲಿ ಹೊಸದಾಗಿ ಆರಂಭವಾದ ರಾತ್ರಿಯ ಅಳುವಿನ ಹಿಂದೆ ಸಾಮಾನ್ಯವಾಗಿ ಕಾಯಿಲೆ ಇರುತ್ತದೆ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದ್ದರೆ ಬೆಕ್ಕು ಹೆಚ್ಚು ತಿಂದರೂ ಬಡಕಲಾಗುತ್ತ, ಚಡಪಡಿಸುತ್ತ, ಕೂಗುತ್ತಿರುತ್ತದೆ. ಮೂತ್ರಪಿಂಡದ ತೊಂದರೆ, ಅದರ ಜೊತೆಗೆ ಬರುವ ರಕ್ತದೊತ್ತಡ, ಕೀಲುನೋವು, ಮುಪ್ಪಿನ ಮರೆವು ಇವೂ ಕಾರಣವಾಗಬಹುದು. ರಕ್ತಪರೀಕ್ಷೆ ಮತ್ತು ರಕ್ತದೊತ್ತಡದ ಪರೀಕ್ಷೆಯಿಂದ ಇವುಗಳಲ್ಲಿ ಹೆಚ್ಚಿನವು ಗೊತ್ತಾಗುತ್ತವೆ, ಹಲವಕ್ಕೆ ಔಷಧವೂ ಇದೆ.

ಕಿವಿ ಮಂದವಾಗಿದೆಯೇ ಎಂಬುದನ್ನು ಮಾತ್ರ ನೀವು ಮನೆಯಲ್ಲಿಯೇ ನೋಡಬಹುದು. ಬೆಕ್ಕು ನಿಮ್ಮನ್ನು ನೋಡದೆ ಕುಳಿತಿರುವಾಗ, ಹಿಂದಿನಿಂದ, ಗಾಳಿಯ ಅಲುಗಾಟ ತಾಗದಷ್ಟು ದೂರದಲ್ಲಿ ನಿಂತು ಪೇಪರನ್ನು ಮುದುಡಿ ಸದ್ದು ಮಾಡಿ. ಕಿವಿಗಳೆರಡೂ ಕದಲದಿದ್ದರೆ ಅದಕ್ಕೆ ಕೇಳಿಸುತ್ತಿಲ್ಲವೆಂದು ತಿಳಿಯಬಹುದು. ಕಿವುಡಾದ ಬೆಕ್ಕಿಗೆ ತನ್ನ ಕೂಗು ಎಷ್ಟು ಗಟ್ಟಿಯೆಂಬುದು ತಿಳಿಯದು, ಮನೆಮಂದಿ ಮಲಗಿ ದೀಪ ಆರಿದ ಮೇಲೆ ತಾನು ಒಂಟಿಯೆಂದು ಅದಕ್ಕೆ ಅನಿಸುತ್ತದೆ. ಅಂಥ ಬೆಕ್ಕಿಗೆ ರಾತ್ರಿ ಓಡಾಡುವ ಜಾಗದಲ್ಲಿ ಸಣ್ಣ ದೀಪವಿಡಿ, ಮಲಗುವ ಬುಟ್ಟಿಯಲ್ಲಿ ನೀವು ಉಟ್ಟು ಬಿಟ್ಟ ಹಳೆಯ ಬಟ್ಟೆಯನ್ನು ಒಗೆಯದೆ ಹಾಸಿ, ಹತ್ತಿರ ಹೋಗುವ ಮುನ್ನ ಅದಕ್ಕೆ ಕಾಣುವಂತೆ ಎದುರಿನಿಂದ ಬನ್ನಿ ಅಥವಾ ನೆಲವನ್ನು ಮೆಲ್ಲಗೆ ತಟ್ಟಿ.